ಕಂಬಳಿ ಹೊದ್ದ ಕಡಲು

ಹಡಗಿನಿಂದಿಳಿದು ಮನೆಗೆ ಬಂದಾಗ
ಬೂಟು ಬಿಚ್ಚುವ ಮೊದಲೇ ಮೂಗಿಗೆ ಬಡಿಯಿತು
ಬಲೆ ಒಣಹಾಕಿದ ಕಟ್ಟೆಯ ವಾಸನೆ.
ಹದಿನಾಲ್ಕು ದಿನ ನಾನು ಇಂಜಿನ್ನಿನ ಹೊಟ್ಟೆಯಲ್ಲಿದ್ದೆ,
ಅಷ್ಟರಲ್ಲಿ ನನ್ನ ಹವಳಕ್ಕೆ ಗಡ್ಡ ಬಂದಿತ್ತು.

ಹಸಿರು ಗಡ್ಡ, ಗೇಣುದ್ದ.
ಕಲ್ಲಿನ ಮೇಲೆ, ಪಂಪಿನ ಬಾಯಲ್ಲಿ,
ನಾಲ್ಕು ವರ್ಷ ಸಾಕಿದ ನೇರಳೆ ಕವಲಿನ ಕೊರಳ ಸುತ್ತ.
ಮರಳಿನ ಮೇಲೆ ಕೆಂಪು ಲೋಳೆ,
ಹಳೆಯ ನಾಟಕದ ಪರದೆ ಹರಿದು ಹಾಸಿದ ಹಾಗೆ,
ಅದರಡಿಯಿಂದ ಒಂದೊಂದೇ ಗುಳ್ಳೆ.

"ನಾನೇನೂ ಮಾಡಲಿಲ್ಲ" ಎಂದ ಆಸ್ಲಾಕ್.
ಬೇಕರಿಯ ಹಿಟ್ಟು ಇನ್ನೂ ಅವನ ಹುಬ್ಬಿನಲ್ಲಿತ್ತು.

ಇದು ವಾದ್ಸೋ. ನವೆಂಬರ್ ಕೊನೆಗೆ ಹೋದ ಸೂರ್ಯ
ಜನವರಿ ಅರ್ಧ ಕಳೆಯುವ ತನಕ ತಲೆ ಎತ್ತುವುದಿಲ್ಲ.
ಮಧ್ಯಾಹ್ನವೆಂದರೆ ಹಾಲಿಗೆ ಶಾಯಿ ಬಿದ್ದಂಥ ಒಂದಿಷ್ಟು ನೀಲಿ,
ಆಮೇಲೆ ಬೀದಿದೀಪ, ಹಿಮ, ಹಿಮ ಗೋರುವ ಗಾಡಿ.
ಊರಿಗೇ ಇಲ್ಲದ ಹಗಲು
ನಮ್ಮ ಗಾಜಿನ ತೊಟ್ಟಿಯಲ್ಲಿ ಮಾತ್ರ:
ಹತ್ತಕ್ಕೆ ಹುಟ್ಟಿ ಎಂಟಕ್ಕೆ ಮುಳುಗುವ,
ಕಂತಿನ ಮೇಲೆ ಕೊಂಡ ಸೂರ್ಯ.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ಉಜ್ಜಿದೆ,
ಕೊಳವೆಯಲ್ಲಿ ಹೀರಿ ಬಕೆಟ್ಟಿಗೆ ಬಿಟ್ಟೆ,
ಉಪ್ಪು ತಾಗಿ ಬೆರಳಿನ ಗಾಯಗಳೆಲ್ಲ ಹಾಜರಿ ಹೇಳಿದವು.
ಟ್ರೊಂಡ್‌ಹೈಮ್‌ನಿಂದ ವಿಮಾನದಲ್ಲಿ ತರಿಸಿದ
ಹನ್ನೆರಡು ಬಸವನಹುಳುಗಳಲ್ಲಿ ಜೀವವಿದ್ದದ್ದು ಏಳಕ್ಕೆ.
ಅದರಲ್ಲೊಂದು ದಿನಾ ರಾತ್ರಿ ಮಗುಚಿ ಬೀಳುತ್ತಿತ್ತು,
ದಿನಾ ಬೆಳಿಗ್ಗೆ ಎತ್ತಿ ನಿಲ್ಲಿಸುತ್ತಿದ್ದೆ.
ಒಂದು ವಾರ.
ಬೋಳಿಸಿದಷ್ಟೂ ಚಿಗುರಿತು.

ಕೊನೆಗೆ ನೀರನ್ನೇ ಕೇಳಿದೆ.
ಸೀಸೆಗೆ ಐದು ಮಿಲಿ, ಒಂದು ಪೊಟ್ಟಣ ಪುಡಿ,
ಕುಲುಕಿ ಕಾದೆ.
ಫಾಸ್ಫೇಟ್ ಹೆಚ್ಚಿದಷ್ಟೂ ನೀಲಿ ಏರುತ್ತದೆ.
ಏರಿತು, ನನ್ನ ಹಡಗಿನ ಅಂಗಿಯ ನೀಲಿಯನ್ನೂ ದಾಟಿ.
ಬಣ್ಣದ ಪಟ್ಟಿಯಲ್ಲಿ ಅಂಥ ಚೌಕವೇ ಇರಲಿಲ್ಲ.

ಫ್ರೀಜರ್ ತೆರೆದು ಎಣಿಸಿದೆ.
ಎರಡು ತಿಂಗಳಿಗೆಂದು ತಂದ ಸೀಗಡಿ ಬಿಲ್ಲೆಗಳು,
ಹತ್ತು ಹಾಳೆಯೂ ಖಾಲಿ.
"ಆಸ್ಲಾಕ್."
ಅವನು ಕಿಟಕಿ ನೋಡಿದ. ಅಲ್ಲಿ ನೋಡಲು ಏನೂ ಇರಲಿಲ್ಲ.
"ನಿದ್ದೆ ಬರುವುದಿಲ್ಲ. ಒಂದಕ್ಕೆ ಏಳುತ್ತೇನೆ, ಎರಡಕ್ಕೆ ಏಳುತ್ತೇನೆ.
ನಾಲ್ಕಕ್ಕೆ ಬೇಕರಿ. ಅಲ್ಲಿಯ ತನಕ ಏನು ಮಾಡಲಿ?
ದೀಪ ಹಾಕಿದರೆ ಆ ಹಳದಿ ಮೀನು ಗಾಜಿನ ಹತ್ತಿರ ಬರುತ್ತದೆ.
ಬಂದವರಿಗೆ ಬರಿಗೈ ತೋರಿಸಲೇ?"

ಒಂದೊಂದು ಎಳೆಯೂ ಅವನು ಮಲಗದ ಒಂದೊಂದು ಗಂಟೆ.
ಉಜ್ಜಿ ಉಜ್ಜಿ ನಾನು ಬಚ್ಚಲಿಗೆ ಸುರಿದಿದ್ದೆ.

ಉಳಿದ ಮದ್ದು ಒಂದೇ: ಮೂರು ದಿನ ಕತ್ತಲೆ.
ಅವನ ಅಜ್ಜಿ ನೇಯ್ದ ಪಟ್ಟೆಪಟ್ಟೆ ಉಣ್ಣೆಯ ಕಂಬಳಿಯನ್ನು
ತೊಟ್ಟಿಗೆ ಹೊದಿಸಿ ಅಂಚಿಗೆ ಟೇಪು ಒತ್ತಿದೆವು.
"ಬೆಳಕು ತಿಂದವರು ಕತ್ತಲೆ ಕುಡಿಯಲೇಬೇಕು" ಎಂದೆ.
ಅವನು ನಗಲಿಲ್ಲ.

ಎರಡನೆಯ ರಾತ್ರಿ ಅವನೆದ್ದಾಗ ನಾನೂ ಎದ್ದೆ.
ಅಡಿಗೆಮನೆಯ ನೆಲದ ಮೇಲೆ ಕುಳಿತೆವು.
ಕಂಬಳಿಯೊಳಗೆ ಪಂಪು ಗುನುಗುತ್ತಿತ್ತು.
"ಹೋದ ಚಳಿಗಾಲವೂ ಹೀಗೇ ಇತ್ತು."
"ಹೇಳಲಿಲ್ಲ ನೀನು."
"ನೀನು ಹಡಗಿನಲ್ಲಿದ್ದೆ. ಫೋನಿನಲ್ಲಿ
ಕತ್ತಲೆಯನ್ನು ಹೇಳುವುದು ಹೇಗೆ?"

ಮೂರು ದಿನ ತುಂಬಿದ ಮೇಲೆ ಟೇಪು ಕಿತ್ತೆವು.
ಗಡ್ಡ ಬೂದಿಯಾಗಿತ್ತು, ಮುಟ್ಟಿದರೆ ಉದುರುತ್ತಿತ್ತು.
ಮೂರರಲ್ಲಿ ಒಂದು ಪಾಲು ನೀರು ಹೊಸದು ಮಾಡಿದೆವು.
ನೇರಳೆ ಹವಳದ ಒಂದು ಕವಲು ಬೆಳ್ಳಗೆ ಸತ್ತಿತ್ತು.
ಹಳದಿ ಮೀನು ಅವನನ್ನು ಕಂಡು ಓಡಿ ಬಂತು,
ಅವನು ಎರಡೂ ಕೈ ಜೇಬಿಗಿಳಿಸಿದ.

ಸೂರ್ಯ ಮರಳುವ ದಿನ ಊರಿಗೆಲ್ಲ ಅವನೇ ಬನ್ನು ಸುಟ್ಟ,
ಮುನ್ನೂರ ಅರವತ್ತು, ಒಳಗೆ ಜಾಮು.
ಮೋಡವಿತ್ತು. ಸೂರ್ಯ ಕಾಣಲಿಲ್ಲ.
ಊರು ಆದರೂ ತಿಂದಿತು.

ಅವತ್ತು ರಾತ್ರಿ ಎರಡಕ್ಕೆ ಪಕ್ಕದ ಹಾಸಿಗೆ ತಣ್ಣಗಿತ್ತು.
ಅವನು ಆರಿದ ತೊಟ್ಟಿಯ ಮುಂದೆ ನಿಂತಿದ್ದ.
"ಹಾಕಿಲ್ಲ" ಎಂದ, ನಾನು ಕೇಳುವ ಮೊದಲೇ.
ಟಾರ್ಚು ಬಿಟ್ಟು ನೋಡಿದೆ: ಪಂಪಿನ ಹಿಂದೆ
ರೆಪ್ಪೆಗೂದಲಿನಷ್ಟು ಹಸಿರು.
ಇರಲಿ ಎಂದುಕೊಂಡು ಆರಿಸಿದೆ.
"ಹಾಕಲೇಬೇಕೆನಿಸಿದರೆ ನನಗೆ ಹಾಕು."
ಅವನು ಜೇಬಿನಿಂದ ಅರ್ಧ ಬನ್ನು ತೆಗೆದ,
ನನ್ನ ಬಾಯಿ ಎಲ್ಲಿದೆಯೆಂದು
ಕತ್ತಲಲ್ಲಿ ತಡಕಾಡಿದ.